ಅರವತ್ತೆಂಟರ ಯುವಕ

ನಾನು ಕಂಡ ಯುವಕರಲ್ಲೆಲ್ಲ ಹೆಚ್ಚು ಹುರುಪಿನವರಿಗೆ ಆಗ ಅರವತ್ತೆಂಟು ವರ್ಷ. ನಗಬೇಡಿ! ಅವರು ಯುವಕರೆಂದು ನಾನು ಹೇಳುತ್ತಿಲ್ಲ; ಬೈಲಹೊಂಗಲದ ಪುಟ್ಟ ಚರ್ಚೊಂದರ ಯುವಜನ ಸಂಘದ ನಿಯಮಾವಳಿಯೇ ಹಾಗೆ ಹೇಳುತ್ತದೆ.

ಸಮಾಜಕಾರ್ಯ ಓದುತ್ತಿದ್ದ ನನ್ನನ್ನು ಕಾಲೇಜಿನವರು ಬೇಸಿಗೆಯಲ್ಲಿ ಆರು ವಾರದ ಇಂಟರ್ನ್‌ಶಿಪ್ಪಿಗೆ ಆ ಸಂಘಕ್ಕೆ ಕಳಿಸಿದ್ದರು. ಸುದ್ದಿ ಕೇಳಿದ ಕೂಡಲೇ ಯರಗಟ್ಟಿಯ ನಮ್ಮ ಮನೆಯಲ್ಲಿ ಅಜ್ಜಿ, "ವಿಭೂತಿ ಹಚಗೊಂಡ ಹೋಗವಾ, ನೀ ಯಾರ ಪೈಕಿ ಅಂತ ಅಲ್ಲಿ ದೇವರಿಗೂ ಗೊತ್ತಾಗ್ಲಿ" ಎಂದಳು. ಹಚ್ಚಿಕೊಂಡೇ ಹೋದೆ. ಚರ್ಚಿನ ಪಕ್ಕದ ಹಂಚಿನ ಮಾಡಿನ ಹಾಲ್‌ನಲ್ಲಿ ಬಿಳಿ ಮೀಸೆಯವರೊಬ್ಬರು ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಸ ಹೊಡೆಯುತ್ತಿದ್ದರು.

"ಅಜ್ಜಾರ, ಯುವಜನ ಸಂಘದವರು ಎಲ್ಲಿ ಸಿಗತಾರ್ರಿ?"

ಕಸಬರಿಗೆ ನಿಂತಿತು. "ಸಿಕ್ಕಾರಲಾ! ಮತ್ತ ಅಜ್ಜಾ ಯಾರು? ಅಣ್ಣಾ ಅನ್ನು. ಇಲ್ಲಿ ಎಲ್ಲಾರೂ ಹಂಗ ಅಂತಾರ."

ಮಾತು ಸುಳ್ಳಲ್ಲ. ಪಾಸ್ಟರ್ ಅವರ ಎಂಟು ವರ್ಷದ ಮಗಳೂ ಅವರನ್ನು ಅಣ್ಣಾ ಎನ್ನುತ್ತಿದ್ದಳು, ಅವಳ ಅಪ್ಪನೂ ಅಣ್ಣಾ ಎನ್ನುತ್ತಿದ್ದರು. ಸಂಘದ ನಿಯಮವಿಷ್ಟೇ: ಮದುವೆಯಾದ ದಿನ ಸದಸ್ಯತ್ವ ರದ್ದು. ಬರೆದ ಪುಣ್ಯಾತ್ಮರು ಮನುಷ್ಯ ಎಂದ ಮೇಲೆ ಮದುವೆ ಆಗಿಯೇ ಆಗುತ್ತಾನೆ ಎಂದು ನಂಬಿಕೊಂಡಿದ್ದರು. ನಮ್ಮ ಅಣ್ಣ ಆಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟರು, ಸಂಘವನ್ನು ಮಾತ್ರ ಬಿಡಲಿಲ್ಲ.

ಮೂರನೆಯ ದಿನ ಧೈರ್ಯ ಮಾಡಿ ಕೇಳಿದೆ. "ಕನ್ಯಾ ಸಿಗಲಿಲ್ಲೇನ್ರಿ ಅಣ್ಣಾ?"

"ಮೂರ್ ಸಿಕ್ಕಿದ್ವು ತಂಗಿ. ಒಂದಂತೂ ಮಾತುಕತಿ ಮುಗದು ಸಕ್ಕರಿ ಹಂಚೂದಷ್ಟ ಬಾಕಿ ಇತ್ತು. ಆದ್ರ ಸಂಘಾ ಬಿಡಬೇಕಾಗ್ತಿತ್ತಲಾ!"

ಇಂಥವರನ್ನು ಸಂಘದಿಂದ ಬಿಡಿಸುವ ಕೆಲಸ ಯಾರ ಪಾಲಿಗೆ ಬಂತು ಹೇಳಿ? ಎರಡನೆಯ ವಾರ ಪಾಸ್ಟರ್ ನನ್ನನ್ನು ಕರೆದು ಚಹಾ ಕೊಟ್ಟರು. ಚಹಾದ ಜೊತೆ ಖಾರಾ-ಚುರಮರಿಯೂ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು.

"ನೋಡವಾ, ಈಗ ಹದಿನೆಂಟು ಹುಡುಗ್ರು ಬರಾಕತ್ತಾರ. ಅಣ್ಣಾನ ಅಧ್ಯಕ್ಷರು, ಕಾರ್ಯದರ್ಶಿನೂ ಅವರ ಅಂದ್ರ ಹುಡುಗ್ರು ಏನ್ ಕಲೀಬೇಕು? ಮೂವತ್ತೈದ ವಯಸ್ಸಿನ ಮಿತಿ ಅಂತ ಒಂದು ನಿಯಮಾ ಬರಿ. ಕಡೀ ರವಿವಾರ ಸಭಾದಾಗ ನೀನ ಓದು. ನಾವು ಓದಿದ್ರ ಮನಸ್ಸು ಮುರೀತಾವು. ನೀ ಹೊರಗಿನಾಕಿ."

ಹಾವಿನ ಹುತ್ತಕ್ಕೆ ಹಾಕಲು ಪರವೂರಿನವರ ಕೈ ಸಿಕ್ಕರೆ ಯಾರು ಬಿಡುತ್ತಾರೆ? ಅಲ್ಲದೆ ನನ್ನ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ! ಹೂಂ ಎಂದು ತಲೆ ಆಡಿಸಿ ಬಂದೆ.

ಅಣ್ಣನಿಗೆ ಇದಾವುದರ ಸುಳಿವೂ ಇರಲಿಲ್ಲ. ಮಕ್ಕಳ ಬೇಸಿಗೆ ಶಿಬಿರದಲ್ಲಿ ಸಂಗೀತ ಕುರ್ಚಿ ಆಟಕ್ಕೆ ಅವರೂ ಇಳಿದರು. ಮೂರು ಸುತ್ತು ಓಡಿ, ಹಾಡು ನಡೆದಿರುವಾಗಲೇ ಧೊಪ್ಪೆಂದು ಕುಳಿತುಬಿಟ್ಟರು.

"ಅಣ್ಣಾ, ಹಾಡು ನಿಂತಿಲ್ರಿ!" ಎಂದು ಕೂಗಿದೆ.

"ಹಾಡು ನಿಂತಿಲ್ಲ ಖರೆ, ಮಣಕಾಲು ನಿಂತಾವಲಾ!"

ಅಲ್ಲಿಂದ ಅವರನ್ನು ಎಬ್ಬಿಸುವುದು ಯಾರಿಂದಲೂ ಆಗಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಔಟಾದರು, ಕುರ್ಚಿಯಲ್ಲೇ ಕುಳಿತು ಅಣ್ಣ ಗೆದ್ದರು. ಬಹುಮಾನವಾಗಿ ಬಂದ ಕಂಪಾಸ್ ಪೆಟ್ಟಿಗೆಯಲ್ಲಿ ಮರುದಿನದಿಂದ ಅವರ ಬಿಪಿ ಗುಳಿಗೆಗಳು ವಾಸ ಮಾಡತೊಡಗಿದವು.

ಆಮೇಲೆ ಡ್ಯಾಂ ನೋಡಲು ಎಲ್ಲರೂ ಮುನವಳ್ಳಿ ಬಸ್ಸು ಹತ್ತಿದೆವು. ಹುಡುಗಿಯರೆಲ್ಲ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಪಡೆದರು. ಕಂಡಕ್ಟರ್ ಅಣ್ಣನ ಹತ್ತಿರ ಬಂದು, "ಯಜಮಾನ್ರ, ಹಿರೇರಿಗೆ ರಿಯಾಯ್ತಿ ಐತ್ರಿ. ಕಾರ್ಡ್ ತೋರಸ್ರಿ" ಎಂದ. ಅಣ್ಣ ಹಿಂದೆ ತಿರುಗಿ ನೋಡಿದರು, ಯಾರೋ ಮುದುಕರಿಗೆ ಹೇಳುತ್ತಿದ್ದಾನೆಂಬಂತೆ! "ನನಗ ಪೂರ್ತಿ ಟಿಕೀಟ ಹರಿ" ಎಂದು ಹರಿಸಿಕೊಂಡರು. ಇಳಿಯುವಾಗ ನನ್ನ ಕಿವಿಯಲ್ಲಿ, "ಕಾರ್ಡಿನ್ಯಾಗ ಫೋಟೋ ಚಲೋ ಬಂದಿಲ್ಲ ತಂಗಿ" ಎಂದರು. ಫೋಟೋ ಅಲ್ಲ, ಅದರ ಕೆಳಗಿನ ಜನ್ಮ ದಿನಾಂಕ ಚಲೋ ಬಂದಿರಲಿಲ್ಲ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ನನ್ನ ಬ್ಯಾಗಿನಲ್ಲಿ ಆ ನಿಯಮದ ಹಾಳೆ ಇತ್ತು. ಅದನ್ನು ಓದಿದ ಮೇಲೆ ಈ ಮನುಷ್ಯ ರವಿವಾರ ಸಂಜೆ ಎಲ್ಲಿಗೆ ಹೋಗಬೇಕು? ಯೋಚಿಸಿದರೆ ನನಗೇ ಸಂಕಟವಾಗುತ್ತಿತ್ತು.

ಕೊನೆಯ ವಾರ ವರದಿಗೆಂದು ಹಾಲ್‌ನಲ್ಲಿದ್ದ ಟ್ರಂಕಿನಿಂದ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದೆ. ಒಂದರಲ್ಲಿ ಹೆಸರುಗಳು ಕಡಿಮೆಯಾಗುತ್ತ ಬಂದಿದ್ದವು. ಒಬ್ಬರಿಗೆ ಮದುವೆ, ಒಬ್ಬರಿಗೆ ಹುಬ್ಬಳ್ಳಿ, ಇನ್ನೊಬ್ಬರಿಗೆ ಗೋವಾ. ಕಡೆಗೆ ಉಳಿದದ್ದು ಅಣ್ಣನದೊಂದೇ ಹೆಸರು, ಅವರದೇ ಕೈಬರಹ: "ಹಾಜರಿ: ಒಬ್ಬರು. ಪ್ರಾರ್ಥನೆ: ಅಧ್ಯಕ್ಷರು. ವಂದನಾರ್ಪಣೆ: ಕಾರ್ಯದರ್ಶಿ. ಹಾಡು: ಎಲ್ಲರೂ." ಮುಂದಿನ ರವಿವಾರವೂ ಅದೇ. ಅದರ ಮುಂದಿನದೂ ಅದೇ. ಹೀಗೆ ಮೂರು ವರ್ಷ!

"ಒಬ್ಬರ ಇದ್ದಾಗ ಬಾಗಲಾ ಯಾಕ ತೆಗೀತಿದ್ರಿ ಅಣ್ಣಾ?"

"ಯಾರರ ಬಂದ್ರ ಕೀಲಿ ನೋಡಿ ಹೊಳ್ಳಿ ಹೋಗಬಾರದಲಾ."

"ಬಂದ್ರೇನ್ರಿ?"

"ಬಂದ್ರು. ಮಳಿ ಹತ್ತಿತ್ತು, ಇಬ್ಬರು ಹುಡುಗ್ರು ಒಳಗ ಬಂದು ನಿಂತ್ರು. ಮಳಿ ನಿಲ್ಲೂದ್ರಾಗ ಸದಸ್ಯರನ್ನ ಮಾಡಿಬಿಟ್ಟೆ!"

ಕಡೆಯ ರವಿವಾರ ಸಭೆ ತುಂಬಿತ್ತು. ಪಾಸ್ಟರ್ ನನ್ನತ್ತ ಕಣ್ಸನ್ನೆ ಮಾಡಿದರು. ಎದ್ದು ನಿಂತೆ. ಒಂದು ಕೈಯಲ್ಲಿ ನಿಯಮದ ಹಾಳೆ, ಇನ್ನೊಂದರಲ್ಲಿ ಆ ಪುಸ್ತಕ. ನಾನು ಪುಸ್ತಕ ಓದಿದೆ. "ಹಾಡು: ಎಲ್ಲರೂ" ಎಂದಾಗ ಮೊದಲ ಸಲ ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡನೆಯ ರವಿವಾರಕ್ಕೂ ನಕ್ಕರು. ಐದಾರು ರವಿವಾರ ಓದುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಪಾಸ್ಟರ್ ಎದ್ದು ಬಂದು ನನ್ನ ಕೈಯ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಅಣ್ಣ ಮಾತ್ರ ಹಿಂದಿನಿಂದ ಗದರಿದರು: "ಸಾಕ್ ಮಾಡವಾ, ಚಾ ಆರಾಕತ್ತೇತಿ!"

ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಅದು ಈಗ ಯಾವ ಕಪಾಟಿನಲ್ಲಿದೆಯೋ. ಆ ಬೇಸಿಗೆ ನನಗೆ ಕೊಟ್ಟದ್ದು ಏನೆಂದು ತಿಳಿದದ್ದು ಮರುವರ್ಷ, ಸಾಲಹಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಊರ ಹುಡುಗಿಯರನ್ನು ಕೂಡಿಸಿ ಮಾತು, ಓದು, ಹಾಡು ನಡೆಸುವುದು ನನ್ನ ಮೊದಲ ನೌಕರಿ. ಮೂರು ಶನಿವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಅಳು ಒತ್ತರಿಸಿ ಬಂದು ಬೈಲಹೊಂಗಲಕ್ಕೆ ಫೋನು ಮಾಡಿದೆ.

"ಅಣ್ಣಾ, ಇವತ್ತೂ ಯಾರೂ ಬಂದಿಲ್ರಿ. ಕೀಲಿ ಹಾಕಿ ಹೊಂಟೇನಿ."

"ನೀ ಬಂದಿಯಲಾ?"

"ನಾ ಬಂದೇನ್ರಿ..."

"ಮತ್ತ ಯಾರೂ ಬಂದಿಲ್ಲಂತ ಯಾಕ ಸುಳ್ಳ ಹೇಳ್ತಿ? ಹಾಜರಿ ಹಾಕು."

ಕಣ್ಣು ಒರೆಸಿಕೊಂಡು ಪುಸ್ತಕ ತೆರೆದೆ. ಹಾಜರಿ: ಒಬ್ಬರು ಎಂದು ಬರೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಹಾಡೊಂದು ಬಾಕಿ ಇತ್ತು. ಎಲ್ಲರೂ ಸೇರಿ ಹಾಡಿದೆವು.