ಕಮಟು ಹಿಡಿಯದ ಬಿಳಿ ಸಾಸು

ಎಣ್ಣೆಯನ್ನೂ ನೀರನ್ನೂ ಒಂದೇ ಬಾಟಲಿಯಲ್ಲಿ ಸಂಸಾರ ಮಾಡಿಸುವ ಕೆಲಸಕ್ಕೆ ಯಾರು ಸೇರಿದರೂ ಫಜೀತಿ ತಪ್ಪಿದ್ದಲ್ಲ. ತೊಂಬತ್ತರ ದಶಕದಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಚಾಮರಾಜಪೇಟೆಯ ಒಂದು ಪುಟ್ಟ ಸಾಸ್ ಕಾರ್ಖಾನೆ ಸೇರಿದೆ. ಕೆಳಗೆ ಕಾರ್ಖಾನೆ, ಮಹಡಿ ಮೇಲೆ ಯಜಮಾನರ ಮನೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ಸುಮ್ಮನೆ ಒಂದು ಗಳಿಗೆ ನಿಂತು ಬರುತ್ತೇನೆ.

ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದ ಯಜಮಾನರಿಗೆ ಮೊಟ್ಟೆ ಹಾಕದ ಮಯೊನೇಸ್ ಮಾಡಿ ಬೇಕರಿಗಳಿಗೆ ಮಾರುವ ಆಸೆ. ಹೆಸರು ಬಾಯಿಗೆ ಬರದೆ ಅದನ್ನು ಬಿಳಿ ಸಾಸು ಅನ್ನುತ್ತಿದ್ದರು. ಅದು ಮೂರು ತಿಂಗಳು ಎಣ್ಣೆ ಕಮಟು ಹಿಡಿಯದೆ ನಿಂತರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ಅಮ್ಮ ಜಾತಕ ಹಿಡಿದು ತಯಾರಾಗಿ ಕೂತಿದ್ದಳು.

ಹೊಸ್ತಿಲ ಕಾವಲು

ಎಣ್ಣೆ ಯಾಕೆ ಕೆಡುತ್ತೆ ಅಂತ ಯಜಮಾನರು ಕೇಳಿದರು. ನಾನು ಹುರುಪಿನಿಂದ ಶುರು ಮಾಡಿದೆ. ಸಾಸಿನಲ್ಲಿ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ತೇಲುತ್ತಿರುತ್ತೆ, ಕೆಡುವುದು ಹನಿಯ ಅಂಚಿನಿಂದ. ತಡೆಯಲು ಹಾಕುವ ಆಂಟಿಆಕ್ಸಿಡೆಂಟು ಮನೆ ಕಾವಲುಗಾರನ ಹಾಗೆ. ಬರೀ ನೀರನ್ನು ಇಷ್ಟಪಡುವಂಥದ್ದು ಬೀದಿ ಸುತ್ತಲು ಹೋಗಿಬಿಡುತ್ತೆ, ಬರೀ ಎಣ್ಣೆಯನ್ನು ಇಷ್ಟಪಡುವಂಥದ್ದು ಒಳಗೆ ಹೋಗಿ ಮಲಗುತ್ತೆ. ನಮಗೆ ಬೇಕಾದ್ದು ಹೊಸ್ತಿಲ ಮೇಲೆ ನಿಲ್ಲುವಂಥದ್ದು.

ಯಜಮಾನರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಅರ್ಥ ಆಯ್ತಮ್ಮಾ. ಮೊದ್ಲು ನಮ್ಮ ವಾಚ್‌ಮನ್‌ನ ಬದಲಾಯಿಸ್ತೀನಿ" ಅಂದರು.

ವೀಳ್ಯದೆಲೆ

ಬೆಣ್ಣೆ ಕಾಯಿಸುವಾಗ ಅಮ್ಮ ಒಂದು ವೀಳ್ಯದೆಲೆ ಹಾಕುತ್ತಿದ್ದಳು, ತುಪ್ಪ ತಿಂಗಳುಗಟ್ಟಲೆ ಘಮ್ ಅನ್ನುತ್ತಿತ್ತು. ತುಪ್ಪಕ್ಕೆ ಆಗಿದ್ದು ಸಾಸಿಗೆ ಯಾಕಾಗಬಾರದು ಅಂತ ಗಾಂಧಿಬಜಾರಿನಿಂದ ಎಲೆ ತಂದು ರಸ ಹಿಂಡಿ ಬೆರೆಸಿದೆ. ತುಪ್ಪದಲ್ಲಿ ನೀರಿಲ್ಲ, ಎಲೆಯ ಸಾರ ಎಲ್ಲಿಗೆ ಹೋದೀತು? ಸಾಸಿನಲ್ಲಿ ಮಾತ್ರ ಅದು ನೀರಿನ ಪಕ್ಷ ಸೇರಿ ಎಣ್ಣೆಯನ್ನು ನಡುನೀರಲ್ಲಿ ಕೈಬಿಟ್ಟಿತು. ಎರಡೇ ವಾರಕ್ಕೆ ಕಮಟು, ಮೇಲೆ ಹಸಿರು ಬಣ್ಣ ಬೇರೆ. ಯಜಮಾನರು ಬೆರಳಲ್ಲಿ ನೆಕ್ಕಿ, ಅಡಿಕೆ ಸುಣ್ಣ ಎಲ್ಲಿ ಅಂತ ಕೇಳಿದರು.

ಮರ್ಯಾದಸ್ಥರು

ಕೊನೆಗೆ ವಿಟಮಿನ್ ‘ಸಿ’ಗೆ ಕೊಬ್ಬಿನ ಬಾಲ ಜೋಡಿಸಿದ ಒಂದು ಪುಡಿ ಸಿಕ್ಕಿತು. ತಲೆ ನೀರಿಗೆ, ಬಾಲ ಎಣ್ಣೆಗೆ, ಹೊಸ್ತಿಲು ಬಿಟ್ಟು ಕದಲುವ ಹಾಗೇ ಇಲ್ಲ. ಅದನ್ನು ಹಾಕಿ ಒಂದು ಬಾಟಲಿ, ಹಾಕದೆ ಒಂದು ಬಾಟಲಿ, ಎರಡನ್ನೂ ಮೂರು ತಿಂಗಳು ಇಟ್ಟೆ. ಹಾಕದ್ದು ಚೆನ್ನಾಗಿ ಕಮಟು ಹಿಡಿಯಿತು. ಆದರೆ ತೀರ್ಪು ಕೊಡುವವರು ಯಾರು? ಯಂತ್ರ ನಮ್ಮಲ್ಲಿರಲಿಲ್ಲ, ಯಜಮಾನರ ಮೂಗು ನಶ್ಯಕ್ಕೆ ಮೀಸಲು, ನನ್ನ ಮೂಗನ್ನು ಅವರು ನಂಬರು.

ಹಾಗಾಗಿ ಗವಿಪುರದ ನಮ್ಮ ಮನೆಗೇ ಅಕ್ಕಪಕ್ಕದ ಹೆಂಗಸರನ್ನು ಕರೆದೆ, ಯಜಮಾನರೂ ಬಂದು ಕೂತರು. ಕಮಟು ಅಂತ ಹೇಳ್ತಾರೋ ಇಲ್ಲವೋ ನೋಡೋಣ ಅಂತ ಮೊದಲು ಬೇಕೆಂದೇ ಕೆಟ್ಟದ್ದನ್ನು ಕೊಟ್ಟೆ. ನಾನು ಅವರ ಕಣ್ಣೆದುರೇ ಬೆಳೆದ ಹುಡುಗಿ. ನನ್ನ ಕೈ ಅಡಿಗೆಯನ್ನು ನನ್ನ ಮನೆಯಲ್ಲೇ ಕೂತು ಹಳಿಯುವಂಥ ಜನವೇ ಅವರು? ಎಲ್ಲರೂ ಕಷ್ಟಪಟ್ಟು ನುಂಗಿ, ಚೆನ್ನಾಗಿದೆ ಕಣೇ ಅಂದರು. ಒಬ್ಬರಂತೂ ಯಜಮಾನರನ್ನು ಗಂಡಿನ ತಂದೆ ಅಂದುಕೊಂಡು, ಹುಡುಗಿ ಹಾಡೂ ಹೇಳ್ತಾಳೆ ಅಂದುಬಿಟ್ಟರು.

ಬೀಗರು

ಯಜಮಾನರು ಈಗಿಲ್ಲ. ಮಾರನೆಯ ದಿನ ಅವರು ಓಡಿಸಿದ ಬುದ್ಧಿ ನೆನೆದರೆ ಈಗಲೂ ನಗುನಗುತ್ತಲೇ ಕಣ್ಣು ತುಂಬುತ್ತೆ.

ಅವರ ಮಗನಿಗೆ ಹೊಸದಾಗಿ ಮದುವೆಯಾಗಿತ್ತು. ಸೊಸೆ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಎರಡೂ ಬಾಟಲಿ ಹಿಡಿದು ಮಹಡಿ ಹತ್ತಿದರು, ಹಿಂದೆ ನಾನು. ಹೆಂಡತಿಗೂ ತಂಗಿಯರಿಬ್ಬರಿಗೂ, "ಬೀಗರು ಕಳಿಸಿದಾರೆ, ರುಚಿ ನೋಡಿ" ಅಂದರು.

ಕೆಟ್ಟ ಬಾಟಲಿಯ ಮುಚ್ಚಳ ತೆಗೆದಿದ್ದೇ ತಡ, ಕಮಟು ಅಂತ ಮೂವರೂ ಮೂಗಿಗೆ ಸೆರಗು ಹಿಡಿದರು. ಆಮೇಲೆ ನನ್ನ ಬಾಟಲಿಗೆ ಕೈ ಹಾಕಿದರು. ಉಪ್ಪು ಜಾಸ್ತಿ, ಹುಳಿ ಕಮ್ಮಿ, ಬಾಟಲಿ ಚಿಕ್ಕದು, ಮದುವೇಲೂ ಇವರದು ಹೀಗೇ ಬಿಗಿ ಕೈ ಅಂತ ಕಾಲು ಗಂಟೆ ನಡೆಯಿತು. ಕಮಟು ಅಂತ ಮಾತ್ರ ಒಬ್ಬರೂ ಅನ್ನಲಿಲ್ಲ. ಬೀಗರಲ್ಲಿ ಇವರಿಗೇ ಸಿಗದ ತಪ್ಪು ಇನ್ನಾರಿಗೆ ಸಿಕ್ಕೀತು ಅಂತ ನನಗೆ ಜೀವ ಬಂತು.

ಅಷ್ಟರಲ್ಲಿ ಮಗಳನ್ನು ನೋಡಲು ಸಾಕ್ಷಾತ್ ಬೀಗಿತ್ತಿಯೇ ಮೆಟ್ಟಿಲು ಹತ್ತಿ ಬಂದರು. ಯಜಮಾನರ ಹೆಂಡತಿ ತಕ್ಷಣ ಮುಖ ಅರಳಿಸಿ, ನೀವು ಕಳಿಸಿದ ಸಾಸು ಎಷ್ಟು ಚೆನ್ನಾಗಿದೆ ಅಂತ ಹೊಗಳಿ ನನ್ನ ಬಾಟಲಿಯಿಂದ ಅವರಿಗೇ ಒಂದು ಚಮಚ ಕೊಟ್ಟರು. ಏನೂ ಕಳಿಸದ ಬೀಗಿತ್ತಿ ಒಂದು ಕ್ಷಣ ಪೆಚ್ಚಾದರು. ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು.

"ಅಯ್ಯೋ, ಅದೇನು ಮಹಾ ಬಿಡಿ, ಮನೇಲೇ ಮಾಡಿದ್ದು" ಅಂದರು.

ಯಜಮಾನರು ನನ್ನ ಕಡೆ ಬಗ್ಗಿ ಮೆಲ್ಲಗೆ, "ಇವತ್ತಿಂದ ನೀನು ಖಾಯಂ ಕಣಮ್ಮಾ" ಅಂದರು. "ಆದ್ರೆ ಈ ಮನೇಲಿ ಮಾತ್ರ ಅದು ನೀನು ಮಾಡಿದ್ದು ಅಂತ ಬಾಯಿ ಬಿಡಬೇಡ."