ಇನ್ನಾಸಮ್ಮನವರ ಶಿಲುಬೆ

ಚೌರಿರಾಜ ಆ ಶನಿವಾರ ಮಾಡಿದ ತಪ್ಪು ಒಂದೇ ಒಂದು. ಹೆಂಡತಿ ಹೇಳಿದ ಕೆಲಸವನ್ನು ಊಟ ಮುಗಿಸಿ ಮಾಡಿದರಾಯಿತು ಎಂದುಕೊಂಡ.

ಕೆಲಸವೇನೂ ದೊಡ್ಡದಲ್ಲ. ಎಂಟು ತಿಂಗಳ ಮಗಳು ಜೆಸಿಂತಾಳ ಕೊರಳಿನ ಸರವನ್ನು ಬಿಚ್ಚಿ ಬೀರುವಿನಲ್ಲಿಡಬೇಕಿತ್ತು, ಅಷ್ಟೇ. ಆ ಸರದಲ್ಲಿ ಕಿರುಬೆರಳ ಉಗುರಿನಷ್ಟು ಪುಟ್ಟದಾದ, ಅಂಚು ಸವೆದು ದುಂಡಗಾದ ಚಿನ್ನದ ಶಿಲುಬೆಯೊಂದಿತ್ತು. ಅದು ಚೌರಿಯ ಅತ್ತೆ ಇನ್ನಾಸಮ್ಮನವರದ್ದು, ಅವರಿಗೆ ಅವರ ತಾಯಿ ಕೊಟ್ಟದ್ದು. ಹಿಂದಿನ ಭಾನುವಾರ ಮಗುವಿನ ದೀಕ್ಷಾಸ್ನಾನಕ್ಕೆಂದು ಕೆ.ಆರ್. ಪುರದಿಂದ ಬಂದ ಇನ್ನಾಸಮ್ಮ ಅದನ್ನು ಮೊಮ್ಮಗಳ ಕೊರಳಿಗೆ ಹಾಕಿ, ಅಳಿಯನ ಕಡೆ ತಿರುಗಿ, "ಜೋಪಾನ ಅಳಿಯಂದ್ರೇ" ಅಂದಿದ್ದರು. ಅದೇ ಮಾತನ್ನು ಊಟದ ಹೊತ್ತಿಗೊಮ್ಮೆ, ಹೊರಡುವಾಗೊಮ್ಮೆ, ಬಸ್ಸು ಹತ್ತಿದ ಮೇಲೆ ಕಿಟಕಿಯಿಂದೊಮ್ಮೆ ಅಂದಿದ್ದರು.

"ರೀ, ನಾನು ಕ್ವಾಯರ್ ಪ್ರಾಕ್ಟೀಸ್‌ಗೆ ಹೋಗ್ಬರ್ತೀನಿ. ನಾಳೆ ಹಬ್ಬದ ಪೂಜೆ, ಇನ್ನೂ ಎರಡು ಹಾಡು ಸರಿಯಾಗಿಲ್ಲ. ಚಿಂತು ಸರ ಎಳೀತಾ ಇದ್ದಾಳೆ, ಬಿಚ್ಚಿಡಿ. ಈಗ್ಲೇ ಬಿಚ್ಚಿಡಿ" ಎಂದು ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು. ಆಕೆಯ ಪೂರ್ತಿ ಹೆಸರು ಸಹಾಯ ಮೇರಿ. ಮನೆಯಲ್ಲಿ ಬರೀ ಸಹಾಯ.

"ಆಯ್ತು ಕಣೇ" ಅಂದ ಚೌರಿ. ಆದರೆ ಅಷ್ಟರಲ್ಲಿ ತಟ್ಟೆಯಲ್ಲಿ ಮುದ್ದೆ ಹಬೆಯಾಡುತ್ತಿತ್ತು, ಪಕ್ಕದಲ್ಲಿ ಅಲಸಂದೆ ಕಾಳಿನ ಬಸ್ಸಾರು. ಕಮರ್ಷಿಯಲ್ ಸ್ಟ್ರೀಟಿನ ಕನ್ನಡಕದಂಗಡಿಯಲ್ಲಿ ವಾರವಿಡೀ ಊರಿನವರ ಕಣ್ಣು ಸರಿಮಾಡುತ್ತ ತಣ್ಣಗಿನ ಡಬ್ಬಿ ಊಟ ಉಣ್ಣುವವನಿಗೆ ಬಿಸಿ ಮುದ್ದೆ ಕಂಡರೆ ಬೇರೇನೂ ಕಾಣುವುದಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟಕ್ಕೆ ಕೂತ. ಚಿಂತು ಒಂದು ಕೈಯಲ್ಲಿ ಅಪ್ಪನ ಮೂಗು ಹಿಡಿದಳು, ಇನ್ನೊಂದು ಕೈಯಲ್ಲಿ ಮುದ್ದೆಯನ್ನು ಪಟಪಟ ಬಡಿದಳು, ಸಾರಿಗೆ ಬೆರಳದ್ದಿ ಕೇಕೆ ಹಾಕಿದಳು. ಅಪ್ಪನೂ ನಕ್ಕ. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿಯಾಯಿತು.

ಕೈ ತೊಳೆದು, ಮಗುವಿನ ಮುಖ ಒರೆಸಿ, ಸರ ಬಿಚ್ಚಲು ಹೋದರೆ ಸರವಿದೆ, ಶಿಲುಬೆಯಿಲ್ಲ. ಕೊಂಡಿ ಬಾಯಿಬಿಟ್ಟುಕೊಂಡು ನೇತಾಡುತ್ತಿದೆ.

ಚೌರಿ ಹುಡುಕಾಟಕ್ಕಿಳಿದ. ಚಾಪೆ ಕೊಡವಿದ, ತೊಟ್ಟಿಲಿನ ಬಟ್ಟೆ ಕೊಡವಿದ, ಮಂಚದ ಕೆಳಗೆ ಹೊಕ್ಕು ತಲೆ ಜಜ್ಜಿಕೊಂಡು ಹೊರಬಂದ. ಕೊನೆಗೆ ಮಗುವಿನ ಬಾಯೊಳಗೆ ಬೆರಳಿಟ್ಟು ನೋಡಿದ. ಮೊನ್ನೆಯಷ್ಟೇ ಮೂಡಿದ್ದ ಎರಡು ಹಲ್ಲುಗಳಿಗೆ ಅಲ್ಲಿಯವರೆಗೆ ಒಳ್ಳೆಯ ಕೆಲಸ ಸಿಕ್ಕಿರಲಿಲ್ಲ. ಚಿಂತು ಕಚ್ಚಿದಳು. ಆಮೇಲೆ ಗಂಟಲಲ್ಲಿ "ಗುಳುಕ್" ಎಂದು ಸದ್ದು ಮಾಡಿ ನಕ್ಕಳು.

ನುಂಗಿಬಿಟ್ಟಿದ್ದಾಳೆ!

ಏನೇ ಆದರೂ ಹೆಂಡತಿಯನ್ನು ಕೂಗುವುದು ಚೌರಿಯ ಅಭ್ಯಾಸ. ಆಕೆ ಮನೆಯಲ್ಲಿಲ್ಲ ಎಂಬುದು ಮರೆತೇಹೋಯಿತು. ಕಿಟಕಿಗೆ ಮುಖವಿಟ್ಟು, "ಸಹಾಯಾ! ಸಹಾಯಾ!" ಎಂದು ರಿಚರ್ಡ್ಸ್ ಟೌನ್ ನಡುಗುವ ಹಾಗೆ ಅರಚಿದ.

ಪಕ್ಕದ ಮನೆಗೆ ಕಳೆದ ತಿಂಗಳಷ್ಟೇ ಬಾಡಿಗೆಗೆ ಬಂದಿದ್ದ ನಿವೃತ್ತ ವಿಮಾ ಅಧಿಕಾರಿ ಗುರುರಾಜ್ ಅವರಿಗೆ ಚೌರಿಯ ಹೆಂಡತಿಯ ಹೆಸರು ಗೊತ್ತಿರಲಿಲ್ಲ. ಒಂದು ಬಕೆಟ್ ನೀರು ಹಿಡಿದು ಓಡಿಬಂದರು. "ಎಲ್ರೀ ಬೆಂಕಿ? ಗ್ಯಾಸ್ ಆಫ್ ಮಾಡಿದ್ರಾ?"

ಅವರ ಹಿಂದೆಯೇ ಕೆಳಗಿನ ಮನೆಯ ಒಡತಿ ಫಹ್ಮಿದಾ ಸೌಟು ಹಿಡಿದು ಮೆಟ್ಟಿಲು ಹತ್ತಿ ಬಂದರು. "ಅರೇ, ಕ್ಯಾ ಹುವಾ ಬೇಟಾ? ಅವಳು ಆಗ್ಲೇ ಚರ್ಚಿಗೆ ಹೋದ್ಲಲ್ಲ, ಯಾರನ್ನ ಕರೀತಿದ್ದೀಯ?"

ಚೌರಿ ಏದುಸಿರು ಬಿಡುತ್ತ ವಿಷಯ ಹೇಳಿದ. ಗುರುರಾಜ್ ತಕ್ಷಣ ತೋಳು ಮಡಚಿದರು. "ನಮ್ಮ ಅಣ್ಣನ ಮಗ ಎಂಟಾಣೆ ನುಂಗಿದ್ದ. ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಒಂದು ತಟ್ಟಿದ್ವಿ ನೋಡಿ—"

"ನಕ್ಕೋ!" ಎಂದು ಫಹ್ಮಿದಾ ಸೌಟು ಅಡ್ಡ ಹಿಡಿದರು. "ಬಚ್ಚಿಗೆ ಉಲ್ಟಾ ಪಲ್ಟಾ ಏನೂ ಮಾಡ್ಬೇಡಿ. ಬಾಳೆಹಣ್ಣು ಕೊಡೋಣ. ಜಾರ್ಕೊಂಡು ಬರತ್ತೆ."

ಬಾಳೆಹಣ್ಣು ಕಿವುಚಿ ತಿನ್ನಿಸಿದರು. ಚಿಂತು ಚಪ್ಪರಿಸಿ ತಿಂದು, ಇನ್ನೂ ಬೇಕೆಂದು ಬಾಯಿ ತೆರೆದಳು. ಏನೂ ಬರಲಿಲ್ಲ. ಆಗಲೇ ಬಂದುಹೋಗಿರಬಹುದೇ ಎಂದು ಗುರುರಾಜ್ ಅನುಮಾನಪಟ್ಟು, ಕನ್ನಡಕ ಸರಿಮಾಡಿಕೊಂಡು, ಡಯಾಪರ್ ಬಿಚ್ಚಿ ಬಗ್ಗಿ ನೋಡಿದರು. ಅದೇ ಗಳಿಗೆಗೆ ಚಿಂತು ಅವರ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಧಾರಾಳವಾಗಿ ತೋಯಿಸಿದಳು. ಬೆಂಕಿ ಆರಿಸಲು ಬಂದವರೇ ನೆನೆದು ನಿಂತರು.

"ಬೇಟಾ, ನಿಮ್ಮ ಅಂತೋಣಿ ಬಾಬಾ ಇದ್ದಾರಲ್ಲ, ಕಳೆದದ್ದು ಹುಡುಕಿಕೊಡೋರು" ಅಂದರು ಫಹ್ಮಿದಾ. "ನಮ್ಮ ನಾಜಿಶ್ ಉಂಗುರ ಕಳೆದಾಗ ನಾನೇ ಹೋಗಿ ಕ್ಯಾಂಡಲ್ ಹಚ್ಚಿದ್ದೆ. ಗೋಧಿ ಡಬ್ಬೀಲಿ ಸಿಕ್ತು. ಅವರನ್ನ ಕೇಳು."

ಗೋಡೆಯ ಮೂಲೆಯಲ್ಲಿ ಬಾಲಯೇಸುವನ್ನು ಎತ್ತಿಕೊಂಡ ಸಂತ ಅಂತೋಣಿಯವರ ಪಟವಿತ್ತು. ಚೌರಿ ಮಗಳನ್ನು ಎದೆಗವಚಿಕೊಂಡು ಅದರ ಮುಂದೆ ಮಂಡಿಯೂರಿದ. ಬಾಯಿಪಾಠದ ಜಪ ಒಂದೂ ನಾಲಿಗೆಗೆ ಬರಲಿಲ್ಲ. "ಅಂತೋಣಪ್ಪಾ, ನೀನೂ ಮಗು ಎತ್ಕೊಂಡವನೇ. ನನ್ನ ಮಗಳ ಹೊಟ್ಟೇಲಿ ಮಾತ್ರ ಅದು ಇರಬಾರ್ದು. ಬೇರೆ ಎಲ್ಲಾದ್ರೂ ಇರ್ಲಿ, ಯಾರ ಹತ್ರ ಬೇಕಾದ್ರೂ ಇರ್ಲಿ. ಅತ್ತೆ ಏನಂದ್ರೂ ಅನ್ಲಿ. ಇವಳಿಗೇನೂ ಆಗ್ದೆ ಇದ್ರೆ ಸಾಕು" ಅಂದ. ಚಿಂತು ಕೈ ಚಾಚಿ ಅಪ್ಪನ ಕಣ್ಣೀರನ್ನು ಮುಟ್ಟಿ, ಬೆರಳನ್ನು ಬಾಯಿಗಿಟ್ಟು ರುಚಿ ನೋಡಿದಳು.

ಆಸ್ಪತ್ರೆಗೆ ಹೋಗಲು ಬೀದಿ ತುದಿಯ ಸ್ಟ್ಯಾಂಡಿನಿಂದ ಮುನೀಂದ್ರನ ಆಟೋ ಕರೆಸಿದರು. ಮೂವರೂ ಮಗುವಿನೊಡನೆ ಹಿಂದೆ ತುರುಕಿಕೊಂಡರು. "ಮಗು ಚಿನ್ನ ನುಂಗಿದೆ, ನಿಧಾನ ಹೋಗಪ್ಪ, ಕುಲುಕಬಾರ್ದು" ಅಂದರು ಗುರುರಾಜ್. "ಜಲ್ದಿ ಹೋಗು! ಕುಲುಕಿದ್ರೇನೇ ಒಳ್ಳೇದು" ಅಂದರು ಫಹ್ಮಿದಾ. ಮುನೀಂದ್ರ ಇಬ್ಬರಿಗೂ ಬೇಸರ ಮಾಡಬಾರದೆಂದು ಸಪಾಟು ರಸ್ತೆಯಲ್ಲಿ ನಿಧಾನವಾಗಿ, ಹಂಪುಗಳ ಮೇಲೆ ಜೋರಾಗಿ ಓಡಿಸಿದ. ಪ್ರತಿ ಹಂಪಿಗೂ ಚಿಂತು ಚಪ್ಪಾಳೆ ತಟ್ಟಿದಳು.

ದಾರಿಯಲ್ಲಿ ಗುರುರಾಜ್, ಫಹ್ಮಿದಾ ಅವರಿಂದ ನಂಬರು ಪಡೆದು, ಸಹಾಯಳಿಗೆ ಒಂದು ಮೆಸೇಜು ಕಳಿಸಿದರು. ನಾಜೂಕಾಗಿಯೇ ಬರೆದರು: "ಮಗು ಶಿಲುಬೆ ನುಂಗಿದೆ. ನರ್ಸಿಂಗ್ ಹೋಮಿಗೆ ಹೊರಟಿದ್ದೇವೆ. ಗಾಬರಿ ಬೇಡ."

ನರ್ಸಿಂಗ್ ಹೋಮಿನ ಡಾಕ್ಟರು ಉಮಾಶ್ರೀ ಮಂಡ್ಯದ ಕಡೆಯವರು, ಯಾವುದಕ್ಕೂ ಸುಲಭಕ್ಕೆ ಹೌಹಾರುವವರಲ್ಲ. ಮಗುವಿನ ಗಂಟಲು ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಹೊಟ್ಟೆ ಒತ್ತಿದರು. ಚಿಂತು ಕಚಗುಳಿಗೆ ನಕ್ಕಳು.

"ಎಕ್ಸ್‌ರೇಯವನು ಊಟಕ್ಕೆ ಹೋಗಿದ್ದಾನೆ. ಅಷ್ಟರಲ್ಲಿ ಇನ್ನೊಂದು ನೋಡೋಣ" ಎಂದು, ಬಾಗಿಲಲ್ಲಿ ಬಂದವರನ್ನೆಲ್ಲ ತಪಾಸಣೆ ಮಾಡುವ ಸೆಕ್ಯುರಿಟಿಯವನ ಕೈಯಿಂದ ಮೆಟಲ್ ಡಿಟೆಕ್ಟರ್ ತರಿಸಿದರು. "ಕಾಸು ನುಂಗಿದ ಮಕ್ಕಳಿಗೆ ನಾನು ಮೊದ್ಲು ಇದನ್ನೇ ಹಿಡಿಯೋದು. ಒಳಗೆ ಲೋಹ ಇದ್ರೆ ಕೂಗತ್ತೆ."

ಸರ ತೆಗೆದು, ಮಗುವನ್ನು ಮಲಗಿಸಿ, ಗಂಟಲಿಂದ ಹೊಟ್ಟೆಯವರೆಗೆ ಎರಡು ಸಲ ಆ ಕೋಲು ಆಡಿಸಿದರು. ಸದ್ದಿಲ್ಲ.

"ಏನೂ ಇಲ್ಲ ಕಣ್ರೀ. ಎಕ್ಸ್‌ರೇ ಯಾಕೆ ಸುಮ್ನೆ. ಮನೇಲಿ ಸರಿಯಾಗಿ ಹುಡುಕಿ."

ಚೌರಿ ಶಿಲುಬೆಯ ಗುರುತು ಹಾಕಿಕೊಂಡು, ಮಗಳನ್ನು ಬಾಚಿ ತಬ್ಬಿಕೊಂಡು ಮುತ್ತಿನ ಮೇಲೆ ಮುತ್ತಿಟ್ಟ. ಫಹ್ಮಿದಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಗುರುರಾಜ್ ತಮ್ಮ ಪಂಚೆಯ ಕಡೆ ನೋಡಿಕೊಂಡು, "ಯಾವುದಕ್ಕೂ ಇನ್ನೊಂದ್ಸಲ ಚೆಕ್ ಮಾಡಿಬಿಡಿ ಡಾಕ್ಟರೇ" ಅಂದರು.

ಡಾಕ್ಟರು ಅಪ್ಪನ ತೋಳಿನಲ್ಲಿದ್ದ ಮಗುವಿನ ಬಳಿ ಡಿಟೆಕ್ಟರ್ ತಂದರು.

"ಕುಂಯ್ಯ್ಯ್!"

ಎಲ್ಲರೂ ಬೆಚ್ಚಿದರು. ಮಗುವನ್ನು ಫಹ್ಮಿದಾ ಕೈಗೆ ಕೊಟ್ಟು ನೋಡಿದರು. ಸದ್ದಿಲ್ಲ. ಚೌರಿಯ ಹತ್ತಿರ ತಂದರು. "ಕುಂಯ್ಯ್ಯ್!"

"ಬೆಲ್ಟ್ ಬಿಚ್ಚಿ."

ಬಿಚ್ಚಿದ. ಕುಂಯ್. ಕೀಲಿಕೈ, ಮೊಬೈಲು, ಜಪಸರ, ಅಂಗಿಜೇಬಿನ ಪೆನ್ನು ಎಲ್ಲ ಮೇಜಿನ ಮೇಲೆ ಬಂದವು. ಚೌರಿ ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಿಂತ. ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ನಟ್ಟನಡುವೆ, ಕುಂಯ್!

ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಮಧ್ಯಾಹ್ನ ಊಟಕ್ಕೆ ಏನಿತ್ತು?"

"ಮುದ್ದೆ, ಮೇಡಂ. ಬಸ್ಸಾರು."

"ಮಗು ಎಲ್ಲಿತ್ತು?"

"ತೊಡೆ ಮೇಲೆ. ತಟ್ಟೇಲಿ ಕೈ ಆಡಿಸ್ತಿತ್ತು."

"ಅಗಿದು ತಿಂದ್ರಾ?"

ಚೌರಿಗೆ ಅಂಥ ಸ್ಥಿತಿಯಲ್ಲೂ ಅವಮಾನವಾಯಿತು. "ಮುದ್ದೆ ಯಾರಾದ್ರೂ ಅಗೀತಾರಾ ಮೇಡಂ? ನುಂಗೋದು..."

ಮೂರನೆಯ ತುತ್ತೋ ನಾಲ್ಕನೆಯ ತುತ್ತೋ ಗಂಟಲಲ್ಲಿ ಒಂಚೂರು ತಡೆದು ಇಳಿದದ್ದು ನೆನಪಾಯಿತು. ಅಲಸಂದೆ ಕಾಳು ಬೆಂದಿಲ್ಲವೆಂದು ಮನಸ್ಸಿನಲ್ಲೇ ಹೆಂಡತಿಯನ್ನು ಬೈದುಕೊಂಡಿದ್ದ.

ಅದೇ ಹೊತ್ತಿಗೆ ಬಾಗಿಲು ದಢಾರನೆ ತೆರೆಯಿತು. ಸಹಾಯ, ಅವಳ ಹಿಂದೆ ಹಾಡಿನ ಪುಸ್ತಕಗಳ ಸಮೇತ ಇಡೀ ಕ್ವಾಯರು, ಅದರ ಹಿಂದೆ ಫಾದರ್. ಎಲ್ಲರಿಗಿಂತ ಹಿಂದೆ, ಮರುದಿನದ ಹಬ್ಬಕ್ಕೆಂದು ಆಗಲೇ ಕೆ.ಆರ್. ಪುರದಿಂದ ಹೊರಟು, ಮಗಳ ಫೋನಿಗೆ ನೇರ ಇಲ್ಲಿಗೇ ಹಾರಿಬಂದ ಇನ್ನಾಸಮ್ಮ, ಎಲ್ಲರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದರು.

"ಮಗು ಚೆನ್ನಾಗಿದೆ. ಶಿಲುಬೆ ನುಂಗಿರೋದು ಅದರ ಅಪ್ಪ" ಅಂದರು ಡಾಕ್ಟರು.

ಸಹಾಯ ಮಗಳನ್ನು ಕಿತ್ತುಕೊಂಡು ಅಳುತ್ತ ನಕ್ಕಳು, ನಗುತ್ತ ಅತ್ತಳು. ಕ್ವಾಯರಿನವರು ಪುಸ್ತಕಗಳಿಂದ ಮುಖ ಮುಚ್ಚಿಕೊಂಡರು. ಫಾದರ್ ಮಾತ್ರ ಗಂಭೀರವಾಗಿ, "ಜನ ಶಿಲುಬೆನ ಎದೆ ಮೇಲೆ ಹಾಕ್ಕೋತಾರೆ. ನಮ್ಮ ಚೌರಿ ಒಳಗೇ ಇಟ್ಕೊಂಡಿದ್ದಾರೆ" ಅಂದರು.

"ಸಣ್ಣದು, ಅಂಚೆಲ್ಲ ಸವೆದು ದುಂಡಗಿದೆ ಅಂತೀರಿ, ತೊಂದ್ರೆ ಇಲ್ಲ" ಅಂದರು ಡಾಕ್ಟರು. "ಎರಡು ಮೂರು ದಿನದಲ್ಲಿ ತಾನಾಗೇ ಹೊರಗೆ ಬರತ್ತೆ. ನಿಗಾ ಇಡಿ."

ನಿಗಾ ಎಂಬ ಮಾತು ಕಿವಿಗೆ ಬಿದ್ದದ್ದೇ ಇನ್ನಾಸಮ್ಮ ನೆಟ್ಟಗಾದರು. ಅಳಿಯನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿ, ಹೊಟ್ಟೆಯ ಹತ್ತಿರ ನೋಟ ನಿಲ್ಲಿಸಿದರು. "ನಮ್ಮಮ್ಮ ಸಾಯೋವರೆಗೂ ಹಾಕ್ಕೊಂಡಿದ್ದ ಶಿಲುಬೆ ಅದು. ಅಳಿಯಂದ್ರು ಅದು ಬರೋವರೆಗೆ ಎಲ್ಲಿಗೂ ಹೋಗಂಗಿಲ್ಲ. ಅಂಗಡಿಗೆ ರಜಾ ಹೇಳಿ. ನಾನಿಲ್ಲೇ ಇರ್ತೀನಿ."

ಸಂಜೆ ಮನೆ ತುಂಬಿತು. ಮಗು ಉಳಿದ ಸಂತೋಷಕ್ಕೆ ಜಪಸರ ಹೇಳೋಣವೆಂದು ಫಾದರ್ ಅಂದಿದ್ದರು. ಕ್ವಾಯರಿನವರು ಚಾಪೆಯ ಮೇಲೆ ಕೂತರು. ಪಂಚೆ ಬದಲಿಸಿಕೊಂಡು ಬಂದ ಗುರುರಾಜ್ ಮೂಲೆಯಲ್ಲಿ, ಒಂದು ಪಾತ್ರೆ ಸೇವಿಗೆ ಪಾಯಸ ತಂದ ಫಹ್ಮಿದಾ ಸಹಾಯಳ ಪಕ್ಕದಲ್ಲಿ. ಚಿಂತು ಕೈಯಿಂದ ಕೈಗೆ ದಾಟುತ್ತ, ಎಲ್ಲರ ಮೂಗು ಹಿಡಿಯುತ್ತ ಮೆರೆಯುತ್ತಿದ್ದಳು. ಇನ್ನಾಸಮ್ಮ ಮಾತ್ರ ಕುರ್ಚಿಯನ್ನು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿ ಹಾಕಿಕೊಂಡಿದ್ದರು. ಅವರ ಕಾಲ ಬಳಿ ಮುಚ್ಚಳವಿದ್ದ ಹೊಸ ಪ್ಲಾಸ್ಟಿಕ್ ಡಬ್ಬವೊಂದು ಕಾಯುತ್ತಿತ್ತು.

ಎರಡನೆಯ ಹತ್ತು ಮಣಿ ಮುಗಿಯುವ ಹೊತ್ತಿಗೆ ಚೌರಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಎದ್ದು ನಿಂತ.

ಜಪ ನಿಂತಿತು. ಹದಿನಾರು ತಲೆಗಳು ಅವನ ಕಡೆ ತಿರುಗಿದವು. ಇನ್ನಾಸಮ್ಮ ಡಬ್ಬದ ಮುಚ್ಚಳ ತೆಗೆದರು. "ಬಂತಾ ಅಳಿಯಂದ್ರೇ?" ಎಂದು ಆಸೆಯಿಂದ ಕೇಳಿದರು.

ಚೌರಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರ ಕಣ್ಣಲ್ಲೂ ಅವನಿಗಾಗಿ ಪ್ರಾರ್ಥನೆಯಿತ್ತು.

"ಇಲ್ಲ ಅತ್ತೆ, ಫ್ಯಾನ್ ಹಾಕೋಣ ಅಂತ ಎದ್ದೆ" ಎಂದು ಫ್ಯಾನಿನ ಗುಂಡಿ ಒತ್ತಿ, ಹೊಟ್ಟೆ ಹಿಡಿದುಕೊಂಡು ಮತ್ತೆ ಚಾಪೆಯ ಮೇಲೆ ಕೂತ.