ಗಾಳಿ ಒಲ್ಲದ ಜೀವಗಳು

ಹಗಲುಗನಸು ಕಾಣುವವರಿಗೆ ಒಪ್ಪಿಸಬಾರದ ಕೆಲಸಗಳು ಕೆಲವಿವೆ. ಒಲೆಯ ಮೇಲಿಟ್ಟ ಹಾಲನ್ನು ನೋಡಿಕೊಳ್ಳುವುದು ಒಂದು. ಊರವರ ರಕ್ತ, ಕಫ, ಕೀವುಗಳನ್ನು ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ನನ್ನ ಹೆಂಡತಿ ಸುವರ್ಣಾ ಮದುವೆಯಾದ ಹೊಸದರಲ್ಲೇ ನನ್ನಿಂದ ಕಿತ್ತುಕೊಂಡಳು. ಎರಡನೆಯದನ್ನು ಕಿತ್ತುಕೊಳ್ಳಲು ಯಾರೂ ಮುಂದೆ ಬಾರದ್ದರಿಂದ ಸಿಂದಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಇವತ್ತಿಗೂ ಲ್ಯಾಬ್ ಟೆಕ್ನೀಷಿಯನ್. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತರೆ ಸಾಕು, ಮನುಷ್ಯ ಕೆಲಸದಲ್ಲಿ ಮುಳುಗಿದ್ದಾನೆ ಎಂದು ನೋಡಿದವರು ತಿಳಿಯುತ್ತಾರೆ. ಮುಳುಗಿರುವುದೇನೋ ನಿಜ, ಎಲ್ಲಿ ಎಂದು ಯಾರೂ ಕೇಳಿಲ್ಲ. ಎಷ್ಟೋ ಸಲ ನಾನು ಗಾಜಿನ ಮೇಲಿನ ರಕ್ತಕಣ ಎಣಿಸುವುದನ್ನು ಬಿಟ್ಟು, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಂಗಾತ ಮಲಗಿದಾಗ ಜೋಳದ ಹೊಲಗಳ ಮೇಲಿಂದ ಬರುತ್ತದಲ್ಲ, ಆ ಗಾಳಿಯಲ್ಲಿ ತೇಲುತ್ತಿರುತ್ತೇನೆ. ಆಮೇಲೆ ಮೊದಲಿನಿಂದ ಎಣಿಸುತ್ತೇನೆ.

ಈ ಕಸುಬಿನಲ್ಲಿ ಜನ ತಂದುಕೊಡುವ ಸ್ಯಾಂಪಲ್ಲುಗಳದ್ದೇ ಒಂದು ಪುರಾಣ. ನಾನು ಮುದ್ದೇಬಿಹಾಳದಲ್ಲಿ ಕೆಲಸ ಕಲಿಯುವಾಗ ಕಫ ಬರುತ್ತಿದ್ದದ್ದು ಇಂಗಿನ ಡಬ್ಬಿಯಲ್ಲಿ. ಬಸವನ ಬಾಗೇವಾಡಿಯಲ್ಲಿದ್ದಾಗ ಒಬ್ಬ ಹಿರಿಯರು ಕಾಲಿನ ಹುಣ್ಣಿನ ಕೀವನ್ನು ಹೊಸ ಕರವಸ್ತ್ರಕ್ಕೆ ಒರೆಸಿ, ಅಚ್ಚುಕಟ್ಟಾಗಿ ಮಡಿಚಿ, ಮದುವೆಯಲ್ಲಿ ಆಯೇರಿ ಕೊಟ್ಟ ಹಾಗೆ ಎರಡೂ ಕೈಯಿಂದ ಕೊಟ್ಟಿದ್ದರು. ಇಂಡಿಯಲ್ಲಿ ಒಬ್ಬರು ಪ್ರೀತಿಯಿಂದ ಒಂದು ಚೀಲ ನಿಂಬೆಹಣ್ಣು ತಂದರು, ಪರೀಕ್ಷೆಯ ಮೂತ್ರದ ಬಾಟಲಿಯೂ ಒಡೆಯದಿರಲೆಂದು ಅದೇ ಹಣ್ಣುಗಳ ನಡುವೆ ಬೆಚ್ಚಗೆ ಕೂತಿತ್ತು. ಹಣ್ಣನ್ನು ಮನೆಗೆ ಒಯ್ದೆ, ಸುವರ್ಣಾ ಉಪ್ಪಿನಕಾಯಿ ಹಾಕಿದಳು. ಬಾಟಲಿಯ ವಿಷಯ ಅವಳಿಗೆ ಹೇಳಿಲ್ಲ. ಇಲ್ಲಿ ಹೇಳುತ್ತಿರುವುದೂ ಅವಳು ನಾನು ಬರೆದದ್ದನ್ನು ಓದುವುದಿಲ್ಲ ಎಂಬ ಧೈರ್ಯದಿಂದಲೇ.

ಇಂಥ ನನ್ನ ಲ್ಯಾಬಿಗೆ ಹೋದ ವರ್ಷ ಮೈಸೂರು ಕಡೆಯ ಒಬ್ಬ ಸರ್ಜನ್ ಮೇಡಂ ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಹಟ ದೊಡ್ಡದು. ಅಲ್ಲಿಯವರೆಗೆ ನಾವು ಯಾವ ಗಾಯವಾದರೂ ಮೇಲೆ ಹತ್ತಿಯ ಕಡ್ಡಿ ಆಡಿಸಿ ವಿಜಯಪುರದ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ಆಳದ ಗಾಯಗಳಿಂದ ಹೋದದ್ದಕ್ಕೆ ಬಹಳ ಸಲ ಏನೂ ಬೆಳೆಯಲಿಲ್ಲ ಎಂದೇ ಉತ್ತರ ಬರುತ್ತಿತ್ತು, ನಾವೂ ಸಮಾಧಾನದಿಂದ ಇರುತ್ತಿದ್ದೆವು. ಬೆಳೆಯುವುದು ಹೇಗೆ ಸಾಧ್ಯ ಎಂದರು ಮೇಡಂ. ಆಳದಲ್ಲಿ ಇರುವ ಕೆಲವು ಸೂಕ್ಷ್ಮಜೀವಿಗಳಿಗೆ ಗಾಳಿಯೇ ವಿಷವಂತೆ. ಹತ್ತಿಯ ಕಡ್ಡಿಗೆ ಅಂಟಿ ಹೊರಗೆ ಬಂದರೆ ದಾರಿಯಲ್ಲೇ ಸಾಯುತ್ತವೆ. ಅವನ್ನು ಸೂಜಿಯಿಂದ ಒಳಗಿಂದೊಳಗೇ ಎಳೆದು, ಗಾಳಿ ತಾಗಿಸದೆ, ಫ್ರಿಜ್ಜಿನಲ್ಲೂ ಇಡದೆ, ಬೇಗ ಮುಟ್ಟಿಸಬೇಕು.

ನಾನು ಆ ಜೀವಗಳ ಮೋಹಕ್ಕೆ ಬಿದ್ದದ್ದು ಅವತ್ತೇ. ಈ ಭೂಮಿಯ ಮೇಲೆ ಉಸಿರಾಡುವ ಗಾಳಿ ಇಲ್ಲದ ಕಾಲವೊಂದಿತ್ತಂತೆ, ಆಗ ಇಲ್ಲೆಲ್ಲ ಇವುಗಳದ್ದೇ ಸಂಸಾರ. ಆಮೇಲೆ ಗಾಳಿ ಬಂತು. ಪಾಪ, ಮೊದಲಿನ ಮನೆಯವರು ಬಾವಿಯ ಕೆಸರಿಗೆ, ಎಮ್ಮೆಯ ಹೊಟ್ಟೆಗೆ, ನಮ್ಮ ಹಲ್ಲಿನ ಸಂದಿಗೆ ಸರಿದು ಕೂತರು. ಮಾಳಿಗೆಯ ಗಾಳಿಗಾಗಿ ಬದುಕಿರುವ ನಾನು ಅದೇ ಗಾಳಿಗೆ ಸಾಯುವವರನ್ನು ಕಾಯಬೇಕು. ಯೋಚಿಸುತ್ತ ಯೋಚಿಸುತ್ತ ನನ್ನ ಚಹಾ ಆರಿಹೋಯಿತು, ಮೇಡಂ ಇನ್ನೂ ಮಾತಾಡುತ್ತಲೇ ಇದ್ದರು.

ಕನಸಿಗೇನು, ಕಾಣಬಹುದು. ಆದರೆ ಮೊದಲನೆಯ ಸ್ಯಾಂಪಲ್ಲು ನೀಲವ್ವನ ಕೈಯಿಂದ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ. ನೀಲವ್ವ ನಮ್ಮ ಓಣಿಯವಳು, ಮೂಲ ಕನ್ನೊಳ್ಳಿಯ ಕುರುಬರ ಮನೆತನ. ಗಂಡ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳು ಇಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನಮ್ಮ ಮನೆಗೂ ಅವಳದ್ದೇ ರೊಟ್ಟಿ. ಏಕೆಂದರೆ ಸುವರ್ಣಾಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಜೋಳದ ಸೀಮೆಯ ತಾಂಬಾದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳಿಗೆ ರೊಟ್ಟಿ ಬಾರದಿರುವುದು ಆಶ್ಚರ್ಯವೇ, ಆದರೆ ಅವಳು ಸಾಲಿ ಮಾಸ್ತರಿಣಿ, ಓದಿನಲ್ಲಿ ಹೊತ್ತು ಕಳೆದಿರಬೇಕು ಎಂದು ನಾನು ಆಗಲೇ ಕ್ಷಮಿಸಿದ್ದೆ.

ನೀಲವ್ವನ ಬಲಗೈ ಅಂಗೈಗೆ ಜಾಲಿ ಮುಳ್ಳು ನಟ್ಟಿತ್ತು. ಮೇಲೆ ತೊಗಲು ಕೂಡಿ ವಾಸಿಯಾದಂತೆ ಕಂಡರೂ ಒಳಗೊಳಗೆ ಕೀವು ತುಂಬಿ ಕೈ ಬಾತುಕೊಂಡಿತ್ತು. ಮೇಡಂ ನೋಡಿದರು, ಮೆಲ್ಲಗೆ ಒತ್ತಿದರು, ಮುಖ ಸಣ್ಣದಾಯಿತು. ಕೀವು ಬೆರಳಿನ ನರದ ಗುಂಟ ಹಬ್ಬುತ್ತಿದೆ, ಸರಿಯಾದ ಔಷಧ ಬೇಗ ಗೊತ್ತಾಗದಿದ್ದರೆ ಒಂದೆರಡು ಬೆರಳು ಹೋದಾವು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಬೆರಳು ಹೋದರೆ ರೊಟ್ಟಿ ಹೋಯಿತು, ರೊಟ್ಟಿ ಹೋದರೆ ನೀಲವ್ವನ ಸ್ವಂತದ ಅನ್ನ ಹೋಯಿತು. ನನಗೆ ನಿಜವಾಗಿ ಸಂಕಟವಾಯಿತು. ಅದರಲ್ಲಿ ಅವಳ ಕೈಯ ಪಾಲೆಷ್ಟು, ನನ್ನ ಹೊಟ್ಟೆಯ ಪಾಲೆಷ್ಟು ಎಂದು ಬೇರ್ಪಡಿಸುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿಲ್ಲ.

ಅಂಗೈಯನ್ನು ಔಷಧ ಹಚ್ಚಿ ಒರೆಸಿ ಆರಲು ಬಿಟ್ಟರು. ನಾನು ಮಣಿಕಟ್ಟು ಹಿಡಿದುಕೊಂಡೆ. ಮೇಡಂ ಸೂಜಿಯನ್ನು ಆಳಕ್ಕೆ ಇಳಿಸಿ ಕೀವನ್ನು ಎಳೆದರು. ನೀಲವ್ವ ಕಣ್ಣು ಮುಚ್ಚಲಿಲ್ಲ. ಮತ್ತೊಮ್ಮೆ ಚುಚ್ಚೂದಿಲ್ಲಲ್ರಿ ಎಂದು ನನ್ನನ್ನೇ ಕೇಳಿದಳು. ಇಲ್ಲವ್ವಾ ಎಂದು ಮಾತು ಕೊಟ್ಟೆ. ಸಿರಿಂಜಿನೊಳಗಿನ ಗಾಳಿಯ ಗುಳ್ಳೆಯನ್ನು ಹತ್ತಿಯೊಳಗೆ ಹೊರದೂಡಿ, ಸೂಜಿಯನ್ನು ಒಂದು ಪುಟ್ಟ ಶೀಸೆಯ ರಬ್ಬರ್ ಬಿರಡೆಯ ಮೂಲಕವೇ ತೂರಿಸಿ ಕೀವನ್ನು ಒಳಗೆ ಬಿಡುವುದು ನನ್ನ ಪಾಲಿನ ಕೆಲಸ. ಆ ಶೀಸೆಯ ತಳದಲ್ಲಿ ಗಂಜಿ ಹೆಪ್ಪುಗಟ್ಟಿದಂತಹ, ಬಣ್ಣವಿಲ್ಲದ ಒಂದು ಪದಾರ್ಥ ಇರುತ್ತದೆ. ಒಳಗೆ ಗಾಳಿ ಹೊಕ್ಕರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿಯಾಯಿತೆಂದರೆ ಒಳಗಿನವರು ಉಳಿಯುವ ಭರವಸೆಯಿಲ್ಲ. ಮತ್ತೆ ತೆಗೆಯೋಣವೆಂದರೆ ಅಷ್ಟರಲ್ಲಿ ಕೀವನ್ನೆಲ್ಲ ಹೊರತೆಗೆದು ಇಂಜೆಕ್ಷನ್ ಶುರು ಮಾಡಿರುತ್ತಾರೆ, ಆಮೇಲೆ ತೆಗೆದದ್ದರಲ್ಲಿ ಅವು ಸಿಗುವ ಆಸೆ ಕಡಿಮೆ. ಇದ್ದದ್ದು ಅದೊಂದೇ ಶೀಸೆ. ದಿನಾ ಸ್ಯಾಂಪಲ್ಲು ಒಯ್ಯುವ ಗಾಡಿ ಆಗಲೇ ಹೋಗಿತ್ತು. ನಾನೇ ಒಯ್ಯುತ್ತೇನೆ ಎಂದೆ. ಮೇಡಂ ನನ್ನನ್ನು ಒಂದು ಗಳಿಗೆ ನೋಡಿ, ಬೇರೆ ಯಾರೂ ಕಾಣದೆ, ಒಪ್ಪಿದರು.

ವಿಜಯಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯ ಕಡೆ ದೊಡ್ಡ ರುಮಾಲು ಸುತ್ತಿದ ಒಬ್ಬ ಮುದುಕಪ್ಪ ಕೂತಿದ್ದರು, ಪಕ್ಕದಲ್ಲಿ ನಾನು. ಶೀಸೆಯನ್ನು ನೆಟ್ಟಗೆ ಮುಷ್ಟಿಯಲ್ಲಿ ಹಿಡಿದಿದ್ದೆ. ಹೊರಗೆ ಕರಿಮಣ್ಣಿನ ಬಯಲು, ತೊಗರಿ, ದೂರದಲ್ಲಿ ಒಂದೇ ಒಂದು ಬೇವಿನಮರ, ಮತ್ತೆ ಬಯಲು. ಆ ಬಯಲಿನಲ್ಲಿ ಕಣ್ಣು ನೆಟ್ಟರೆ ನನ್ನಂಥವನು ವಾಪಸು ಬರುವುದು ಕಷ್ಟ. ನೀಲವ್ವನ ಅಂಗೈಯಿಂದ ಹೊರಟವರು ಈ ಶೀಸೆಯೊಳಗೆ ಏನು ಮಾಡುತ್ತಿರಬಹುದು, ಊರು ಬಿಟ್ಟ ದುಃಖ ಅವಕ್ಕೂ ಇರುತ್ತದೆಯೇ, ತಾವು ಹಾಳು ಮಾಡಿದ್ದು ಎಂಥ ಕೈ ಎಂದು ಅವಕ್ಕೆ ಯಾರಾದರೂ ಹೇಳಬೇಕಿತ್ತು ಎಂದೆಲ್ಲ ಯೋಚಿಸುತ್ತ ಮುಷ್ಟಿ ತೆರೆದು ನೋಡಿದರೆ, ಶೀಸೆಯ ತಳ ಗುಲಾಬಿಯಾಗಿತ್ತು.

ಗಾಳಿಯ ಗುಳ್ಳೆಯನ್ನು ಪೂರ್ತಿ ಹೊರಗೆ ದೂಡಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಆ ಗಳಿಗೆಯಲ್ಲೂ ನಾನು ಎಲ್ಲೋ ತೇಲುತ್ತಿದ್ದೆನೆ? ಮಾತು ಕೊಟ್ಟದ್ದು, ಬಾತ ಕೈ, ಮೇಡಂ ಒಂದು ಗಳಿಗೆ ತಡೆದು ನೋಡಿದ್ದು, ಎಲ್ಲ ಒಟ್ಟಿಗೆ ಬಂತು. ಬಿಸಿಲಿಗೆ ಹಿಡಿದು ಸರಿಯಾಗಿ ನೋಡಬೇಕು ಎಂದು ಎದ್ದು ನಿಂತು, ಬಸ್ ನಿಲ್ಲಿಸಿ ಎಂದು ಕೂಗಿದೆ. ನನ್ನ ಮುಖದ ಬಣ್ಣ ನೋಡಿ ಇಡೀ ಬಸ್ಸಿಗೆ ಒಂದೇ ಅರ್ಥ ಹೊಳೆಯಿತು. ಕಂಡಕ್ಟರು ಸೀಟಿ ಊದಿ, ನನ್ನ ಬೆನ್ನ ಮೇಲೆ ಕೈಯಿಟ್ಟು, ಬಹಳ ಕನಿಕರದಿಂದ ಹೇಳಿದ.

"ಆ ಕಂಟಿ ಹಿಂದ ಹೋಗ್ರಿ. ಅವಸರ ಮಾಡಬ್ಯಾಡ್ರಿ, ನಿಲ್ಲಸ್ತೇನಿ."

ಯಾರೋ ಒಬ್ಬ ತಾಯಿ ನೀರಿನ ಬಾಟಲಿಯನ್ನೂ ಕೈಗೆ ಕೊಟ್ಟಳು. ಒಂದು ಕೈಯಲ್ಲಿ ಆ ನೀರು, ಇನ್ನೊಂದರಲ್ಲಿ ನೀಲವ್ವನ ಕೀವು ಹಿಡಿದು ರಸ್ತೆ ಬದಿಯ ಪೊದೆಯ ಹಿಂದೆ ಹೋಗಿ, ಶೀಸೆಯನ್ನು ಆಕಾಶಕ್ಕೆ ಎತ್ತಿ ನೋಡಿದೆ. ಗುಲಾಬಿಯ ಸುಳಿವೇ ಇಲ್ಲ. ತಿರುಗಿಸಿ ನೋಡಿದೆ, ಇಲ್ಲ. ದೇವರು ದೊಡ್ಡವನು ಎಂದುಕೊಂಡು ಬಸ್ಸಿಗೆ ಬಂದು ಕೂತು ಮುಷ್ಟಿ ತೆರೆದರೆ ಮತ್ತೆ ಗುಲಾಬಿ. ಆಗ ತಲೆಯೆತ್ತಿದೆ. ಕಿಟಕಿಯ ಬಿಸಿಲು ಮುದುಕಪ್ಪನ ರುಮಾಲಿನ ಮೇಲೆ ಬಿದ್ದು ನನ್ನ ಅಂಗೈಗೆ ಇಳಿಯುತ್ತಿತ್ತು. ಅಷ್ಟು ದೊಡ್ಡ, ಅಷ್ಟು ಗುಲಾಬಿ ಬಣ್ಣದ ರುಮಾಲನ್ನು ಸಿಂದಗಿಯಿಂದ ಪಕ್ಕದಲ್ಲೇ ಇಟ್ಟುಕೊಂಡು ಬಂದವನು ನಾನು.

ಮುದುಕಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಹಗುರಾತೇನ್ರಿ?"

ಭಾಳ ಹಗುರಾತ್ರಿ ಎಂದೆ. ಅಷ್ಟು ಖರೆ ಮಾತನ್ನು ನಾನು ಬಹಳ ದಿನಗಳಿಂದ ಆಡಿರಲಿಲ್ಲ. ಆದರೂ ಮನಸ್ಸು ತಡೆಯದು. ಆ ಬೆಳಕಿನಲ್ಲಿ ಕೂತರೆ ನಿಜವಾಗಿ ಗುಲಾಬಿಯಾದರೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಹಿರಿಯರಿಗೆ ರುಮಾಲು ತೆಗೆಯಿರಿ ಎನ್ನುವುದಕ್ಕಿಂತ ಓಡುವ ಬಸ್ಸಿನಿಂದ ಜಿಗಿಯುವುದು ಲೇಸು. ಹಾಗಾಗಿ ನಾನೇ ಎದ್ದು ಬಾಗಿಲ ಹತ್ತಿರ ವಿಜಯಪುರದವರೆಗೆ ನಿಂತೆ. ಹೊಟ್ಟೆ ಇನ್ನೂ ನೆಟ್ಟಗಾಗಿಲ್ಲ ಎಂದು ತಿಳಿದು ಜನ ನನಗೆ ಬಾಗಿಲ ದಾರಿಯನ್ನು ಪೂರ್ತಿ ಖಾಲಿ ಬಿಟ್ಟಿದ್ದರು. ಲ್ಯಾಬಿನ ಹುಡುಗಿ ಶೀಸೆಯನ್ನು ದೀಪದ ಕೆಳಗೆ ಹಿಡಿದು, ಚೆನ್ನಾಗಿ ತಂದಿದ್ದೀರಿ ಎಂದಳು. ನನಗೆ ಅಳು ಬಂದಂತಾಯಿತು.

ಈ ಜೀವಗಳು ಅವಸರದವಲ್ಲ. ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಆ ದಿನಗಳಲ್ಲಿ ನಮ್ಮ ಮನೆಯ ತಾಟಿನಲ್ಲಿ ಅನ್ನ, ಉಪ್ಪಿಟ್ಟು, ಒಮ್ಮೊಮ್ಮೆ ಚಪಾತಿ. ನಾನು ಬೆಳಗ್ಗೆ ಎದ್ದು ಚಹಾ ಹಿಡಿದು ಕೂತು ವಿಜಯಪುರದ ಆ ಪೆಟ್ಟಿಗೆಯನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಬೆಳೆದಿರಬಹುದೇ, ಮುನಿಸಿಕೊಂಡಿರಬಹುದೇ. ಕಡೆಗೆ ರಿಪೋರ್ಟು ಬಂತು. ಬೆಳೆದಿದ್ದವು. ಎರಡು ಜಾತಿ, ಅದರಲ್ಲಿ ಒಂದು ನಾವು ಕೊಡುತ್ತಿದ್ದ ಔಷಧಕ್ಕೆ ಕ್ಯಾರೇ ಅನ್ನದ್ದು. ಮೇಡಂ ಅವತ್ತೇ ಔಷಧ ಬದಲಿಸಿದರು. ಬಾವು ಇಳಿಯಿತು, ನೀಲವ್ವನ ಐದೂ ಬೆರಳು ಐದಾಗಿಯೇ ಉಳಿದವು. ನಡುಬೆರಳು ಪೂರ್ತಿ ಚಾಚುವುದಿಲ್ಲ, ಅಷ್ಟೇ.

ಅವಳು ಮತ್ತೆ ಹಂಚು ಇಟ್ಟ ದಿನ ನಾನೇ ರೊಟ್ಟಿ ತರಲು ಹೋದೆ. ಬಡಿದು ಮುಗಿಸಿ ಕೈ ತೊಳೆದು ಕೂತಿದ್ದಳು. ವಿಜಾಪುರದಾಗ ಅವಕ್ಕ ಉಣ್ಣಾಕ ಏನ್ ಹಾಕಿದ್ರಿ ಎಂದು ಕೇಳಿದಳು. ಯಾವಕ್ಕೆ ಎಂದರೆ ಅಂಗೈ ತೋರಿಸಿದಳು. ಮಾಂಸದ ಸಾರು, ಒಂದಿಷ್ಟು ಕುರಿಯ ರಕ್ತ ಎಂದು ವಿವರಿಸಿದೆ. ಕುರಿಯವರ ಮನೆಯವಳು, ಅದಕ್ಕೇನೂ ಬೆಚ್ಚಲಿಲ್ಲ. ಯಾರಾರ ಮಾಡಿ ಹಾಕಿದ್ರಲ್ಲ, ಪುಣ್ಯಾ ಬಂತು ಎಂದಳು. ಆ ಮಾತಿಗೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಇಷ್ಟು ದಿನ ಏಳಬೇಕಾಗಿತ್ತು, ಎದ್ದಿರಲಿಲ್ಲ. ಗಂಡ ಹೊಳೆಸಾಲಿನಲ್ಲಿ, ಬಲಗೈಗೆ ಬ್ಯಾಂಡೇಜು. ನಿನಗೆ ಯಾರು ಮಾಡಿ ಹಾಕಿದರು ನೀಲವ್ವಾ ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಮ್ಮ ಮನಿಯಾಕಿನ ಅಲ್ರಿ. ದಿನಾ ಮುಂಜಾನಿ ಬಿಸಿ ರೊಟ್ಟಿ, ಪಲ್ಲೆ ತಂದು ಕೊಟ್ಟು ಸಾಲಿಗೆ ಹೋಗ್ತಿದ್ರು. ನನಗಿಂತ ತೆಳ್ಳಗ ಬಡೀತಾರ್ರಿ ಅವರು."

ರೊಟ್ಟಿಯ ಕಟ್ಟು ಹಿಡಿದು ಮನೆಗೆ ಬಂದೆ. ಸುವರ್ಣಾ ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ನಿನಗ ರೊಟ್ಟಿ ಬಡಿಯಾಕ ಬರತೈತೇನು ಎಂದು ಕೇಳಿದೆ. ಬಾಚಣಿಕೆ ನಿಲ್ಲಲಿಲ್ಲ. ಬರತೈತಿ ಅಂತ ಒಂದ್ ದಿನ ತೋರಿಸಿದ್ರ ಸಾಯೂತನಾ ಬಡೀಬೇಕಾಗ್ತಿತ್ತು, ಅದಕ್ಕ ನಿಮಗ ಹೇಳಿಲ್ಲ ಎಂದಳು. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಜಗಳವೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಅಡಿಗಿಮನಿ ಬಾಗಲಾಗ ಕುಂತು ದಿನಾ ಚಾ ಕುಡದ್ರಿ. ನಾ ಒಳಗ ರಪರಪ ರೊಟ್ಟಿ ಬಡಿಯೂ ಸಪ್ಪಳ ನಿಮಗ ಕೇಳಲಿಲ್ಲ?"

ಕೇಳಿತ್ತು. ಆ ಸಪ್ಪಳ ಕೇಳುತ್ತಲೇ ನಾನು ದಿನಾ ಬೆಳಗ್ಗೆ, ಇನ್ನು ಈ ಜನ್ಮದಲ್ಲಿ ನನಗೆ ಬಿಸಿ ರೊಟ್ಟಿ ಮಾಡಿ ಹಾಕುವವರು ಯಾರಿದ್ದಾರೆ ಎಂದು ಕಣ್ಣು ತುಂಬಿಕೊಳ್ಳುತ್ತಿದ್ದೆ.